ಒಳಗೆ ತಂಪಿದೆಯಾ?

ಕೈರೋದಿಂದ ಬಂದ ಹುಡುಗ ಕೇಳುತ್ತಾನೆ:
ಮಾದಾಮ್ ಇನ್ಶಿರಾಹ್, ಮೂವತ್ತೊಂದು ವರ್ಷ
ತಾಂತಾ ಊರಿನ ಈ ಕಿಂಡಿಯ ಹಿಂದೆ ಕೂತವರು,
ನೀವೇ ಹೇಳಿ, ಸಿನಿಮಾ ಓಡುವುದು ಯಾಕೆ?
ತೊಡೆಯ ಮೇಲೆ ಕಂಪ್ಯೂಟರು. ಅದರೊಳಗೆ ಹದಿನಾಲ್ಕು ಮನೆಗಳು:
ನಟ, ನಿರ್ದೇಶಕ, ಖರ್ಚು, ಪೋಸ್ಟರಿನ ಬಣ್ಣ,
ಇನ್ನೂ ಏನೇನೋ.
ಕೊನೆಯ ಮನೆ ಖಾಲಿ.
ಅದಕ್ಕೇ ಬಂದಿದ್ದಾನೆ, ಪಾಪ, ಈ ಬಿಸಿಲಲ್ಲಿ.

ಚಹಾ ಆರುತ್ತಿದೆ, ಮೊದಲು ಕುಡಿ.
ಚಂದ್ರನಿಂದ ಶುರುಮಾಡೋಣ.
ಒಂದು ವರ್ಷ ರೀಲಿನ ಡಬ್ಬಿಗಳು ಸಂಜೆಗೇ ಬಂದಿಳಿದವು,
ಬಾಗಿಲಿಗೆ ದೀಪದ ಸರ ಕಟ್ಟಿಯಾಗಿತ್ತು,
ಮಾರನೆಯ ದಿನ ಹಬ್ಬವೆಂದು ಎಲ್ಲರ ಲೆಕ್ಕ.
ಚಂದ್ರ ಕಾಣಲಿಲ್ಲ.
ಇನ್ನೊಂದು ಉಪವಾಸ. ಅದರ ಮಾರನೆಯ ದಿನ
ದೊಡ್ಡ ಫುಟ್‌ಬಾಲ್ ಪಂದ್ಯ, ಬೀದಿಯಲ್ಲಿ ಬೆಕ್ಕೂ ಇರಲಿಲ್ಲ.
ಕತ್ತರಿಸಿ ಬಿಸುಟ ಉಗುರಿನಷ್ಟು ಬೆಳಕು,
ಅದಕ್ಕೆ ನಿನ್ನ ಯಾವ ಮನೆ?

ಆಮೇಲೆ ವಗ್ದಿ.
ವಿತರಕರು ಕಳಿಸಿದ ಎಣಿಕೆಯವನು,
ಮಾಲೀಕ ಹಾಜಿ ಶಿರ್ಬೀನಿ ಸುಳ್ಳು ಲೆಕ್ಕ ಬರೆಯದ ಹಾಗೆ
ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದ.
ಒಂದು ತಲೆಗೆ ಒಂದು ತುರ್ಮುಸ್ ಕಾಳು,
ಬಲಜೇಬಿನಿಂದ ಎಡಜೇಬಿಗೆ.
ಉಪ್ಪುನೀರಲ್ಲಿ ನೆನೆದ ಕಾಳು, ಕೈ ಸುಮ್ಮನಿರಬೇಕಲ್ಲ,
ಎಣಿಸುತ್ತ ಎಣಿಸುತ್ತ ತಿಂದುಬಿಡುತ್ತಿದ್ದ.
ಒಂದು ಸಿನಿಮಾ ಮಕಾಡೆ ಮಲಗಿತೆಂದು ಪೇಪರಿನಲ್ಲಿ ಬಂತು.
ಮಲಗಿರಲಿಲ್ಲ.
ವಗ್ದಿಗೆ ಹಸಿವಾಗಿತ್ತು.

ನಗಬೇಡ. ಬರಕೊ.

ಇನ್ನೊಂದು ಆಗಸ್ಟು. ದಿನಕ್ಕೆ ಆರು ತಾಸು ಕರೆಂಟಿಲ್ಲ,
ಇಡೀ ಬೀದಿಗೆ ನಮ್ಮದೊಂದೇ ಜನರೇಟರು.
ಆ ಸಿನಿಮಾಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ,
ನಾಯಕ ಮೂರು ಸಲ ಸತ್ತು ಎರಡು ಸಲ ಏಳುತ್ತಾನೆ.
ಹನ್ನೊಂದು ವಾರ ಓಡಿತು!
ಯಾರು ನಟಿಸಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ,
ಕಿಂಡಿಗೆ ಬಾಯಿಟ್ಟು ಕೇಳುತ್ತಿದ್ದುದು ಒಂದೇ:
ಒಳಗೆ ತಂಪಿದೆಯಾ?
ಹಸುಗೂಸುಗಳನ್ನು ಎದೆಗವಚಿ ಹೆಂಗಸರು ನಿದ್ದೆ ಮಾಡಿದರು,
ಕಮ್ಮಾರರು ಅಂಗಿ ಬಿಚ್ಚಿ ಕೂತರು.
ನಿರ್ಮಾಪಕ ಹೊಸ ಕಾರು ಕೊಂಡ,
ಅದೇ ಕತೆಯ ಎರಡನೆಯ ಭಾಗ ತೆಗೆದ,
ಜನವರಿಯಲ್ಲಿ ಬಿಟ್ಟ.
ಅದರ ಮಾತು ಬೇಡ.

ಇನ್ನೊಂದು ಹೇಳಲೋ ಬೇಡವೋ.
ಮೂರೇ ದಿನ ಇದ್ದ ಸಿನಿಮಾ.
ಒಬ್ಬಳು ಹೆಂಗಸು ಬಟ್ಟೆ ಒಗೆಯುತ್ತಾಳೆ, ಒಣಹಾಕುತ್ತಾಳೆ,
ಒಂದು ಮಧ್ಯಾಹ್ನ ಮಡಿಸುವುದನ್ನು ಅರ್ಧಕ್ಕೆ ಬಿಟ್ಟು
ಮೆಟ್ಟಿಲಿಳಿದು ಹೋಗುತ್ತಾಳೆ. ಅಷ್ಟೆ.
ಕಬ್ಬಿನಹಾಲಿನ ಅಂಗಡಿಯ ಸಬ್ರೀನ್ ಮೂರು ದಿನವೂ ಬಂದಳು.
ಇನ್ನೂ ಹತ್ತಾರು ಜನ, ಒಬ್ಬೊಬ್ಬರೇ,
ದೀಪ ಆರಿದ ಮೇಲೆ ಒಳಗೆ, ದೀಪ ಹತ್ತುವ ಮುಂಚೆ ಹೊರಗೆ.
ಮನೆಯಲ್ಲಿ ಹೇಳಿ ಬಂದಿದ್ದು ತಂಗಿಯ ಮನೆಗೆಂದು, ಆಸ್ಪತ್ರೆಗೆಂದು.
ಎದುರು ಸಿಕ್ಕರೂ ಒಬ್ಬರನ್ನೊಬ್ಬರು ನೋಡಲಿಲ್ಲ.
ಬಾಯಿಂದ ಬಾಯಿಗೆ ಹಬ್ಬಿದರೆ ಸಿನಿಮಾ ಗೆಲ್ಲುತ್ತದೆ ಅನ್ನುತ್ತಾರೆ.
ಹಬ್ಬಲು ಬಾಯಿ ಬೇಕಲ್ಲ ಮಗ.
ನಾಲ್ಕನೆಯ ದಿನ ಹಾಜಿ ಪೋಸ್ಟರು ಹರಿಸಿದ.
ಸಬ್ರೀನ್ ಬಂದಳು, ಗೋಡೆ ನೋಡಿದಳು,
ನನಗೆ ಒಂದು ಲೋಟ ಹಾಲು ಕೊಟ್ಟು ಹೋದಳು. ದುಡ್ಡು ತಗೊಳ್ಳಲಿಲ್ಲ.

ಅದರ ಹೆಸರೇನು, ಹುಡುಗ ಕೇಳುತ್ತಾನೆ,
ಬೆರಳು ಕೀಲಿಯ ಮೇಲೆ ನಿಂತಿದೆ.
ಹೆಸರು ನನಗೂ ಮರೆತಿದೆ.
ಆ ಹಾಲಿಗೆ ಶುಂಠಿ ಹಾಕಿದ್ದಳು, ಅದು ನೆನಪಿದೆ.

ಸ್ವಲ್ಪ ಸರಿ, ಯಾರೋ ಬಂದರು.
ಚೀಲ ತುಂಬ ಸೊಪ್ಪು ಹೊತ್ತ ಮುದುಕಿ,
ಪೋಸ್ಟರಿನ ಕಡೆ ಕಣ್ಣೂ ಎತ್ತುವುದಿಲ್ಲ:
ಬಿಡುವುದು ಎಷ್ಟು ಹೊತ್ತಿಗೆ?
ಹತ್ತೂವರೆ.
ಮಹಲ್ಲಾದ ಕೊನೆಯ ಬಸ್ಸು ಹತ್ತೂ ಮುಕ್ಕಾಲಿಗೆ.
ಅವಳು ತನ್ನ ಮೊಣಕಾಲುಗಳನ್ನು ನೋಡಿಕೊಳ್ಳುತ್ತಾಳೆ,
ಆಮೇಲೆ ರಸ್ತೆಯ ಉದ್ದವನ್ನು.
ನೋಟು ಇನ್ನೂ ಮುಷ್ಟಿಯಲ್ಲೇ ಇದೆ.