ಕಲೆ ತಿದ್ದುವವನು

ಗದಗಿನ ಸ್ಟೇಷನ್ ರೋಡಿನ ಪ್ರೆಸ್ಸಿನಲ್ಲಿ
ಮೂವತ್ತೊಂದು ವರ್ಷ ನನ್ನ ಕೆಲಸ ಒಂದೇ:
ಫೋಟೋದ ಮೈಮೇಲಿನ ಕಲೆ ತೆಗೆಯುವುದು.
ಅಳಿಲ ಬಾಲದ ಕುಂಚ, ಬಶಿಯಲ್ಲಿ ಬೂದು ಮಸಿ.
ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿ
ಸಾವಕಾರರ ಕೆನ್ನೆಯ ನರಹುಲಿ, ಮದುಮಗನ ಮೈಲಿ ಕುಣಿ,
ಪುಢಾರಿಯ ಹುಬ್ಬಿನ ಮೇಲಿನ ಹೊಲಿಗೆ
ಎಲ್ಲ ನುಂಗಿದ್ದೇನೆ.
ನಾಲಿಗೆ ಇಂದಿಗೂ ತುಸು ಕಪ್ಪು.
‘ದಾವಲಸಾಬನ ಕೈಗೆ ಸಿಕ್ಕರ ಕಲ್ಲೂ ನುಣ್ಣಗ’
ಅಂತಿದ್ದರು ಮಾಲಕರು.

ಆ ವರ್ಷ ಸಾಲೆಯ ಸಂಚಿಕೆಗೆಂದು
ನೀಲಗಂಗಾ ಅಕ್ಕೋರು ಒಂದು ಲಕೋಟೆ ತಂದರು.
‘ಶನಿಯ ಚಂದ್ರರು, ಸಾಬರ. ನೌಕೆ ಹೋಗಿ ತಗದದ್ದು.’
ಶನಿ ಅಂದೊಡನೆ ಬೈಂಡರ್ ಫಕ್ಕೀರಪ್ಪ
ಮುಟ್ಟಲು ಚಾಚಿದ ಕೈ ಹಿಂದಕ್ಕೆಳೆದುಕೊಂಡ.
‘ಸಾಡೇಸಾತಿ ನನಗ ಈಗರ ಮುಗದೈತಿ.’

ಟ್ಯೂಬ್‌ಲೈಟಿನ ಕೆಳಗೆ ಹರವಿದೆ.
ಒಂದು, ಗೆದ್ದಲು ತಿಂದ ಮರದ ಅಕ್ಷರ:
ತೂತಿನೊಳಗೆ ತೂತು, ತೂತಿನ ತಳಕ್ಕೆ ಕರಿ ಪುಡಿ.
ಇನ್ನೊಂದರ ಮುಖದಲ್ಲಿ ಮೂರನೇ ಒಂದು ಪಾಲು ಒಂದೇ ಕುಣಿ,
ನಡುವೆ ಮೊನೆ,
ಹೆಬ್ಬೆರಳೊತ್ತಿ ತೆಗೆಯುವಾಗ ಹಿಟ್ಟು ಎದ್ದು ಬಂದಂತೆ.
ಮತ್ತೊಂದರ ಬುಡದಲ್ಲಿ ನಾಲ್ಕು ಗೀರು,
ಮೊಹರಮ್ಮಿನ ಹುಲಿಗೆ ನಾನೇ ಬಳಿಯುವ ಪಟ್ಟಿಯ ಹಾಗೆ.
‘ಆ ಗೀರಿನಾಗಿಂದ ನೀರು ಚಿಮ್ಮತೈತಿ’ ಅಂದರು ಅಕ್ಕೋರು.
ನಮ್ಮ ಓಣಿಯ ನಳಕ್ಕೆ ಅಂದು ಹದಿಮೂರನೇ ದಿನ.
ನಾನೇನೂ ಅನ್ನಲಿಲ್ಲ.

ಕಡೆಯದು ಇಯಾಪಿಟಸ್.
ಅರ್ಧ ಬೆಳ್ಳಗೆ, ಅರ್ಧ ಒಲೆಯೊಳಗಿಂದ ತೆಗೆದಂತೆ.
ಸೊಂಟದ ಸುತ್ತ ಒಂದು ಗೆರೆ, ಎದ್ದ ಗೆರೆ,
ಸೀಗಿ ಹುಣ್ಣಿಮೆಯ ಸಕ್ಕರೆ ಆರತಿಗೆ
ಎರಡು ಹೋಳಿನ ಅಚ್ಚು ಬಿಚ್ಚಿದ ಮೇಲೆ
ಉಳಿಯುತ್ತದಲ್ಲ, ಅಂಥ ಅಂಚು.
ಬೆಟಗೇರಿಯಲ್ಲಿ ಅದನ್ನೇ ಉಗುರಿನಿಂದ ಕೆರೆದು
ತಿನ್ನುವ ಹುಡುಗರಿದ್ದಾರೆ.
ಫಿಲ್ಮು ಜೋಡಿಸುವಾಗಿನ ತಪ್ಪು ಅಂದುಕೊಂಡೆ.
ಕುಂಚ ಚೂಪು ಮಾಡಿದೆ.
ಚಹಾ ಬರುವಷ್ಟರಲ್ಲಿ ಚಂದ್ರ ನುಣ್ಣಗಾಗಿದ್ದ.

ಐದುನೂರು ಪ್ರತಿ. ಹೊಲಿದು, ಗೋಂದು ಹಚ್ಚಿ, ಅಂಚು ಕತ್ತರಿಸಿ
ಸಾಲೆಗೆ ಮುಟ್ಟಿಸಿದ್ದಾಯಿತು.
ಮರುದಿನ ಅಕ್ಕೋರು ಬಂದರು, ಚಪ್ಪಲಿ ಸಹ ಬಿಡದೆ.
‘ಸಾಬರ, ಗುಡ್ಡ ಎಲ್ಲಿ?’
‘ಯಾವ ಗುಡ್ಡ?’
‘ಕಪ್ಪತಗುಡ್ಡದ ಮ್ಯಾಲೆ ಕಪ್ಪತಗುಡ್ಡ ಇಟ್ಟು,
ಅದರ ಮ್ಯಾಲೆ ಮತ್ತ ಇಟ್ಟು,
ಐವತ್ತು ಇಟ್ಟರೂ ಮುಟ್ಟಲಾರದ ಗುಡ್ಡ.
ಹೆಂಗ ಎದ್ದತೋ ಯಾರಿಗೂ ತಿಳದಿಲ್ಲ.
ನೀವು ಒಂದು ಚಹಾದಾಗ ಒರಸಿಬಿಟ್ರಿ.’
ಬೈಗುಳಲ್ಲ ಅದು. ನಗೆಯೂ ಅಲ್ಲ.

ಮತ್ತೆ ಅಚ್ಚು ಹಾಕಲು ಕಾಗದವಿರಲಿಲ್ಲ, ರೊಕ್ಕವಿರಲಿಲ್ಲ.
ಶನಿವಾರ, ಮುಂಜಾನೆಯ ಸಾಲೆ.
ಏಳನೇ ಇಯತ್ತೆಯವರು ಪಡಸಾಲೆಯಲ್ಲಿ ಸಾಲಾಗಿ ಕೂತು
ಪ್ರತಿ ಪ್ರತಿಯ ಹದಿನೇಳನೇ ಪುಟ ತೆರೆದು
ಪೆನ್ಸಿಲಿನಿಂದ ಗುಡ್ಡ ಎಳೆದರು.
ಬಾಗಿಲಲ್ಲಿ ನಿಂತು ನೋಡಿದೆ.
ಒಬ್ಬ ಸ್ಕೇಲು ಇಟ್ಟ. ಒಬ್ಬಳು ಬಳೆ ಬಿಚ್ಚಿಟ್ಟು ಬಾಗಿಸಿದಳು.
ಒಬ್ಬ ಗುಡ್ಡದ ನೆತ್ತಿಗೆ ಗಾಳಿಕಂಬಗಳನ್ನೂ ನಿಲ್ಲಿಸಿದ,
ಕೇಳಿದರೆ, ‘ಇರ್ತಾವಲ್ರೀ’ ಅಂದ.
ಐದುನೂರು ಚಂದ್ರ. ಒಂದರಂತೆ ಒಂದಿಲ್ಲ.

ಮನೆಗೆ ಬಂದು ಟ್ರಂಕು ತೆಗೆದೆ.
ಅಕ್ಕ ಹುಸೇನಬಿಯದು ಒಂದೇ ಫೋಟೋ.
ವರನ ಕಡೆಗೆ ಕಳಿಸಲೆಂದು ತೆಗೆಸಿದ್ದು,
ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನೇ ತಿದ್ದಿದ್ದು.
ಮೈಲಿಯ ಒಂದು ಕುಣಿಯೂ ಬಿಟ್ಟಿಲ್ಲ.
‘ಯಾರ ಮಾರಿಲೇ ತಮ್ಮಾ ಇದು?’
ಬೆನ್ನಿಗೊಂದು ಗುದ್ದಿ ನಕ್ಕಿದ್ದಳು ಆಗ.
ಅವಳು ಹೋಗಿ ಹನ್ನೊಂದು ವರ್ಷ.
ತತ್ತಿಯಂಥ ಮುಖವೊಂದು ನನ್ನ ಕಡೆ ನೋಡುತ್ತದೆ.

ಪೆನ್ಸಿಲ್ ಚೂಪು ಮಾಡಿಕೊಂಡು ಕೂತಿದ್ದೇನೆ.
ಮೂಗಿನ ಮಗ್ಗುಲಿಗೆ ಎರಡು ಕೂಡಿಕೊಂಡಿದ್ದವು,
ಅಷ್ಟು ಖಾತ್ರಿ.
ಬಲಕ್ಕೋ?
ನನ್ನೆದುರು ಕೂತು ಅವಳು ಅಕ್ಕಿ ಆರಿಸುವಾಗ
ಬೆಳಕು ಯಾವ ಕಡೆಯಿಂದ ಬರುತ್ತಿತ್ತು,
ಹಿತ್ತಲ ಬಾಗಿಲು ಎಲ್ಲಿತ್ತು ಆ ಮನೆಗೆ?