ಎರಡು ಬ್ರೇಕಿನ ಕಾರು

ಶನಿವಾರದಿಂದ ಕಿರುಗುಟ್ಟುತ್ತಿತ್ತು.
ಮೊದಲು ಬೆಳಗಿನ ಹೊತ್ತು ಮಾತ್ರ. ಇಬ್ಬನಿಗೆ ತುಕ್ಕು ಹಿಡಿದಿರಬೇಕು ಅಂದುಕೊಂಡೆ,
ನಾಲ್ಕು ಸಲ ಒತ್ತಿದರೆ ಹೋಗುತ್ತಿತ್ತು.
ಆಮೇಲೆ ಬಿಸಿಲೇರಿದರೂ ಹೋಗಲಿಲ್ಲ.
ನಿಲ್ಲಿಸಿದಾಗಲೆಲ್ಲ ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ,
ಕಬ್ಬಿನ ಗಾಡಿಯ ಎತ್ತು ಕೂಡ ತಿರುಗಿ ನೋಡಿತು.

ನಾನು ರೇಡಿಯೊ ಜೋರು ಮಾಡಿದೆ.
ಹನ್ನೊಂದು ವರ್ಷದಿಂದ ಮಂಡ್ಯದ ಹೆಂಗಸರಿಗೆ
ಕಾರು ಕಲಿಸುವವಳು ಮಾಡಬಾರದ್ದು ಅದು.

ಸಿದ್ದಪ್ಪಾಜಿಯ ಶೆಡ್ಡು ಗುತ್ತಲು ರಸ್ತೆಯಲ್ಲಿ, ಹುಣಸೆ ಮರದ ಕೆಳಗೆ.
ಜಾಕಿಯೇರಿಸಿ ಚಕ್ರ ಬಿಚ್ಚಿದವನು
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಕಿರುಚ್ತಿತ್ತಲ್ಲ ಮೇಡಮ್ಮೋರೆ, ಅದು ಕೆಟ್ಟಿದ್ದಕ್ಕಲ್ಲ.
ಕಿರುಚಲಿ ಅಂತ್ಲೇ ಒಂದು ತಗಡಿನ ನಾಲಗೆ ಮಡಗಿರ್ತಾರೆ ಪ್ಯಾಡಲ್ಲಿ.
ಸವೆದು ಇಷ್ಟಕ್ಕೆ ಬಂದ್ರೆ ಡಿಸ್ಕಿಗೆ ತಾಕ್ತದೆ, ಹೇಳ್ತದೆ.
ಕೇಳಿಸ್ಕಳ್ದೆ ಹೋದ್ರೆ ಆಮೇಲೆ ಗರಗರ ಅಂತದೆ.
ಗರಗರ ಅಂದ್ರೆ ಕಬ್ಬಿಣ ಕಬ್ಬಿಣವ ತಿಂತಾ ಅದೆ ಅಂತ."

ಜೇಬಿನಿಂದ ಹತ್ತು ರೂಪಾಯಿಯ ಎರಡು ನಾಣ್ಯ ತೆಗೆದು
ಒಂದರ ಮೇಲೊಂದಿಟ್ಟು ಪ್ಯಾಡಿನ ಪಕ್ಕ ಹಿಡಿದ.
"ಇಷ್ಟಕ್ಕೆ ಇಳಿದಾಗ್ಲೇ ಬರ್ಬೇಕಿತ್ತು."
ಪ್ಯಾಡು ಒಂದು ನಾಣ್ಯಕ್ಕೂ ಸಮ ಇರಲಿಲ್ಲ.

ಡಿಸ್ಕಿನ ಅಂಚಿಗೆ ಹೆಬ್ಬೆರಳ ಉಗುರು ತಾಗಿಸಿ ನೋಡಿ ಎಂದ.
ಅಲ್ಲೊಂದು ಏಣು, ಊಟದ ತಟ್ಟೆಯದರ ಹಾಗೆ.
"ಅರವತ್ತರಲ್ಲಿ ಒತ್ತಿದ್ರೆ ಪೆಡಲು ನಡುಗಲ್ವ?"
ನಡುಗುತ್ತಿತ್ತು.
ನನ್ನ ಕಾಲೇ ನಡುಗುತ್ತಿದೆ ಅಂದುಕೊಂಡಿದ್ದೆ.

ಡಿಸ್ಕೂ ಹೊಸದೇ ಬೇಕೆ, ಲೇತಿನಲ್ಲಿ ಕಡೆಸಿದರೆ?
"ಕಡೆಸ್ಬೋದು, ದಪ್ಪ ಇದ್ರೆ." ವರ್ನಿಯರ್ ಹಿಡಿದ,
ಡಿಸ್ಕಿನ ಮೈಮೇಲಿನ ಅಂಕಿಯ ತುಕ್ಕು ಉಜ್ಜಿದ,
ಎರಡನ್ನೂ ತೋರಿಸಿದ. ನಾನೇ ಕಳೆದುಕೊಂಡೆ ಲೆಕ್ಕ.
ಒಂದು ಕಡೆಯದು ಮಾತ್ರ ಹಾಕಿದರೆ ಸಾಲದೆ?
"ಒಂದೇ ಕಾಲಿಗೆ ಹೊಸ ಚಪ್ಪಲಿ ಹಾಕ್ಕಂಡು ನಡೀತೀರಾ?"

ಆಮೇಲೆ, ಕೇಳದಿದ್ದರೂ, ಕಾರಿನೊಳಗೆ ಬಾಗಿ ಟಾರ್ಚು ಬಿಟ್ಟ.
ಡ್ರೈವರ್ ಕಡೆಯ ಬ್ರೇಕಿನ ರಬ್ಬರಿನ ಮೇಲೆ
ಗೆರೆಗಳು ಈಗಷ್ಟೇ ಪೊಟ್ಟಣ ಒಡೆದ ಬಿಸ್ಕತ್ತಿನ ಹಾಗೆ.
ನನ್ನ ಕಡೆಯದು, ಕಲಿಸುವವಳ ಕಡೆಯದು,
ಗೆರೆಯೇ ಇಲ್ಲ, ಹೊಳೆಯ ಕಲ್ಲು.
"ಕಲಿಯೋರು ಯಾರು ಇದ್ರಲ್ಲಿ?" ಅಂದ.

ಹನ್ನೊಂದು ವರ್ಷ.
ಪ್ರೇಮಕುಮಾರಿ ಪೆಡಲು ಹುಡುಕುವ ಮೊದಲೇ ಒತ್ತಿದ್ದೆ.
ಕೋರ್ಟಿನ ಟೈಪಿಸ್ಟು ಜಯಶೀಲಾ ಎಮ್ಮೆಯನ್ನು ಕಾಣುವ ಮೊದಲೇ
ಒತ್ತಿದ್ದೆ. ನಾಲೆ ಏರಿಗೆ ತಡೆಗೋಡೆ ಇಲ್ಲ,
ನೀರು ಕಂಡರೆ ಕಾಲಿನ ಐದೂ ಬೆರಳು ಮಡಚಿಕೊಳ್ಳುತ್ತವೆ.
ಅವರೆಲ್ಲ ಲೈಸೆನ್ಸ್ ತಗೊಂಡರು, ಮೈಸೂರು ಪಾಕು ತಂದುಕೊಟ್ಟರು.
ಈಗ ಎಷ್ಟು ಜನ ಓಡಿಸುತ್ತಾರೆ, ನಾನು ಕೇಳಿಲ್ಲ.

"ಇನ್ನೂರು ಕಿಲೋಮೀಟರು ಗಕ್ಕನೆ ಒತ್ಬೇಡಿ," ಅಂದ ಸಿದ್ದಪ್ಪಾಜಿ,
"ಹೊಸ ಪ್ಯಾಡು, ಹೊಸ ಡಿಸ್ಕು. ಒಂದಕ್ಕೊಂದು ಒಗ್ಗಬೇಕು."

ಮರುದಿನ ಬೆಳಗ್ಗೆ ಆರಕ್ಕೆ ಹೊಂಬಾಳಮ್ಮ, ಅಂಗನವಾಡಿಯವರು,
ಸೀರೆ ಎತ್ತಿ ಕಟ್ಟಿ ಸ್ಟೇರಿಂಗು ಹಿಡಿದರು.
ನಾಲೆ ಏರಿ. ಮುಂದೆ ಟ್ರ್ಯಾಕ್ಟರು, ಹಿಂದಕ್ಕೆರಡು ಟ್ರೈಲರು ಕಬ್ಬು,
ಕೆಂಪು ದೀಪ ಇಲ್ಲ, ಒಂದು ಚೀಲದ ಚೂರೂ ಕಟ್ಟಿಲ್ಲ.
ನಾನು ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡೆ.

ಹೊಂಬಾಳಮ್ಮ ನನ್ನ ಕಡೆ ನೋಡಿದರು,
ಕಾರು ತಾನೇ ನಿಲ್ಲುತ್ತದೆ ಎಂಬ ರೂಢಿಯಲ್ಲಿ.
ನಿಲ್ಲಲಿಲ್ಲ.
ಸೋಗೆ ಗಾಜಿನ ತುಂಬ ಹಸಿರಾಯಿತು,
ಆಗ ಒತ್ತಿದರು, ಗಕ್ಕನೆಯೇ, ಸಿದ್ದಪ್ಪಾಜಿ ಕ್ಷಮಿಸಲಿ.

ಸದ್ದೇ ಇಲ್ಲ. ಎಂಜಿನ್ನು ಆಫಾಗಿತ್ತು.
ಬಾನೆಟ್ಟಿನ ಮೇಲೆ ಒಂದು ಗರಿ ಬಿದ್ದಿತ್ತು.
"ಇದು ನಾನಾ ಮೇಡಂ, ನೀವಾ?"
ನೀವೇ ಅಂದೆ.
ಚಪ್ಪಲಿಯೊಳಗೆ ಹೆಬ್ಬೆರಳು ಇನ್ನೂ ಒತ್ತುತ್ತಲೇ ಇತ್ತು,
ಏನನ್ನೋ, ಬರೀ ಮ್ಯಾಟನ್ನು.