ಬುಧವಾರಕ್ಕೆ

ಯಾವ ಹಬ್ಬಕ್ಕೆ, ಎಂದು ಕೇಳಿದೆ.
ನಾವು ಕೇಳುವುದೇ ಹಾಗೆ, ತಾರೀಕು ಬರೆದುಕೊಳ್ಳಲು.
ಮೇ ತಿಂಗಳು. ದೇವರಪುರದ ಕುಂಡೆಹಬ್ಬ ಹತ್ತಿರ,
ಗಂಡಸರು ಹಳೇ ಲಂಗ ಹುಡುಕಿಕೊಂಡು ಬರುವ ದಿನಗಳು.
ಬುಧವಾರಕ್ಕೆ, ಎಂದರು ಪಳಂಗಪ್ಪ.

ಬುಧವಾರ ಗೋಣಿಕೊಪ್ಪದಲ್ಲಿ ಏನೂ ಇಲ್ಲ.
ಸಂತೆ ಇಲ್ಲ, ಮದುವೆ ಇಲ್ಲ, ಹಾಕಿಯೂ ಇಲ್ಲ.
ಬಸ್ಸು ಬರುತ್ತದೆ, ಬಸ್ಸು ಹೋಗುತ್ತದೆ.

ಮೊದಲು ಕೆಳಗೆ ಹಂಸಾಕನ ಅಂಗಡಿಗೆ ಹೋಗಿದ್ದರಂತೆ.
ಹಂಸಾಕ, ಲುಂಗಿಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿ ನಿಂತವನು,
ಗಂಡಸರಿಗೆ ಅಂಥದ್ದೆಲ್ಲ ಹೊಲಿಯುವುದಿಲ್ಲ ಅಂದನಂತೆ,
ಮೇಲೆ ಹೋಗಿ, ಲೇಡೀಸ್ ಟೈಲರ್ ಇದ್ದಾಳೆ.

ಮೇಲೆ ಇರುವವಳು ನಾನು.
ನನಗೂ ಒಂದು ಬೋರ್ಡಿದೆ: ಹೆಂಗಸರಿಗೆ ಮಾತ್ರ.
ಗಂಡಸರ ಸೊಂಟಕ್ಕೆ ಟೇಪು ಹಿಡಿದವಳಲ್ಲ,
ನನ್ನ ಗಂಡನದೂ ಕಣ್ಣಳತೆಯಲ್ಲೇ ಮುಗಿದಿತ್ತು.
ಟೇಪನ್ನು ಪರದೆಯ ಅಡಿಯಿಂದ ಒಳಗೆ ತಳ್ಳಿದೆ.
ಒಳಗಿಂದ ಹರಾಜು ಕೂಗಿದ ಹಾಗೆ ಕೂಗಿದರು:
ಮೂವತ್ತೆಂಟು! ಇಲ್ಲ, ಉಸಿರು ಬಿಟ್ಟೆ, ನಲವತ್ತು!
ಕಾಜಾ ಹೊಲಿಯುತ್ತಿದ್ದ ರೋಜಿ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಮೆಣಸಿನ ಮಂಡಿಯಲ್ಲಿ ಲೆಕ್ಕ ಬರೆಯುವ ಮನುಷ್ಯ.
ಉದ್ದ ಎಲ್ಲಿವರೆಗೆ ಎಂದರೆ ಮಂಡಿವರೆಗೆ ಎಂದರು.
ಯಾವ ಮಂಡಿ, ಎಂದಳು ರೋಜಿ.
ಮೂವರೂ ನಕ್ಕೆವು. ಆಮೇಲೆ ಕೆಲಸ ಸಲೀಸು.

ಬಟ್ಟೆ ಅವರೇ ತಂದಿದ್ದರು: ಬೂದಿ ಬಣ್ಣ,
ಕೊಡೆಗಿಂತ ದಪ್ಪ, ಕಂಬಳಿಗಿಂತ ತೆಳು.
ಹಿಂಡಿ ನೋಡಿದೆ, ಮಡಿಕೆ ನಿಲ್ಲುತ್ತದೆ.
ಜೇಬು ಎರಡು ಬೇಕು, ಒಂದು ಕನ್ನಡಕಕ್ಕೆ.
ಸಾವಿರ ಲಂಗ ಹೊಲಿದಿದ್ದೇನೆ,
ಲಂಗಕ್ಕೆ ಜೇಬು ಇರಬಹುದೆಂದು ನನಗೇ ಹೊಳೆದಿರಲಿಲ್ಲ.
ಅವತ್ತು ರಾತ್ರಿ ನನ್ನದಕ್ಕೂ ಒಂದು ಇಟ್ಟುಕೊಂಡೆ.

ನೆರಿಗೆ ಮುಂದೆಯೋ, ಸುತ್ತಲೋ?
ಹಿಂದೆ, ಎಂದರು. ಮುಂದೆ ಸಪಾಟು.
ಎಲ್ಲೋ ಕುರಿ ಮೇಯುವ ಚಳಿಗುಡ್ಡದ ಗಂಡಸರು
ಹಾಗೆಯೇ ಹೊಲಿಸಿಕೊಳ್ಳುತ್ತಾರಂತೆ, ದಿನಾ ಉಡಲು.
ಕತ್ತರಿ ಕೈಯಲ್ಲೇ ನಿಂತಿತು.
ಹಿಂದೆ ನೆರಿಗೆ ಇಲ್ಲಿಯ ಹೆಂಗಸರದಲ್ಲವೇ,
ಬಲಮುರಿಯಲ್ಲಿ ಕಾವೇರಿ ನುಗ್ಗಿ ಹಿಂದಕ್ಕೆ ತಳ್ಳಿದ್ದು?
ಹೇಳಬೇಕೆಂದಿದ್ದೆ. ಹೇಳಲಿಲ್ಲ.
ಹೊಳೆ ಯಾರ ಸೊಂಟವೆಂದು ಕೇಳಿ ತಳ್ಳುತ್ತದೆಯೇ?

ಆರ್ಡರ್ ಪುಸ್ತಕದಲ್ಲಿ ಹೆಸರು ಬರೆದೆ, ಅಳತೆ ಬರೆದೆ,
ಯಾವ ಉಡುಪು ಎಂಬ ಕಡೆ ಪೆನ್ನು ಸುಮ್ಮನೆ ಚುಕ್ಕಿ ಇಟ್ಟಿತು.

ಬುಧವಾರ ಕಿಟಕಿಯ ಹತ್ತಿರ ಮಿಷನ್ ಎಳೆದುಕೊಂಡೆ.
ಬಂದರು, ಬಸ್ ಸ್ಟ್ಯಾಂಡಿನ ಕಡೆಯಿಂದ,
ಬಿಳಿ ಅಂಗಿ, ಉದ್ದ ಕಾಲುಚೀಲ, ಕೈಯಲ್ಲಿ ಊಟದ ಡಬ್ಬಿ.
ಯಾರೋ ಸಿಳ್ಳೆ ಹೊಡೆದರು. ಒಂದು ಜೀಪು ನಿಧಾನವಾಯಿತು.
ಹಂಸಾಕ ಹೊರಗೆ ಬಂದು ಲುಂಗಿ ಇಳಿಬಿಟ್ಟುಕೊಂಡ, ಯಾಕೋ.
ಚೋಂದಮ್ಮಜ್ಜಿ ಮಾತ್ರ ಅಡ್ಡ ನಿಂತು ಕೇಳಿದರು:
ಕುಪ್ಯದ ಮೇಲಿನರ್ಧ ಎಲ್ಲಿ ಬಿಟ್ಟು ಬಂದೆ?
ಮೇಲಿನರ್ಧಕ್ಕೆ ಸೆಖೆ, ಎಂದರಂತೆ ಇವರು.
ಅಜ್ಜಿ ಮಂಡಿ ನೋಡಿದರು, ನೆರಿಗೆ ನೋಡಿದರು,
ಜಿಗಣೆ ಹತ್ತಿದರೆ ಕೂಡಲೇ ಕಾಣುತ್ತದೆ, ಒಳ್ಳೆಯದೇ,
ಎಂದು ಪೊನ್ನಂಪೇಟೆ ಬಸ್ಸು ಹತ್ತಿದರು.

ಆಗ ಗಾಳಿ ಬಂತು.
ನನ್ನ ಎದೆ ಡವಗುಟ್ಟಿತು, ಉಟ್ಟವಳು ನಾನೇ ಎಂಬಂತೆ.
ನೆರಿಗೆ ಬಿಚ್ಚಿ, ಮತ್ತೆ ಮುಚ್ಚಿದವು, ಒಂದೂ ತಪ್ಪದೆ.
ಡಬ್ಬಿ ಕೈ ಬದಲಿಸಿ ಅವರು ಮಂಡಿಯೊಳಗೆ ಹೋದರು.

ಗುರುವಾರ ಪ್ಯಾಂಟು.
ಹೆದರಿದರು ಅಂದುಕೊಂಡೆ, ನನಗೆ ಸ್ವಲ್ಪ ಬೇಜಾರೂ ಆಯಿತು.
ಸಂಜೆ ಮೆಟ್ಟಿಲು ಹತ್ತಿ ಬಂದರು.
ಒಗೆದು ಹಾಕಿದ್ದು ಒಣಗಿಲ್ಲ, ಇನ್ನೊಂದು ಬೇಕು, ಎಂದರು.
ಮತ್ತೆ, ಕಲ್ಲಿನ ಮೇಲೆ ಕುಕ್ಕುವಾಗ
ಅಂಚಿನೊಳಗೆ ಏನೋ ಟಣ್ಣೆಂದಿತಲ್ಲ, ಏನದು?

ಹಳೇ ಹತ್ತು ಪೈಸೆ, ನಾಲ್ಕು.
ಬಿಲ್ಲಿನಲ್ಲಿ ಸೇರಿಸಿರಲಿಲ್ಲ.

ಭಾರ, ಎಂದೆ.